ಕಂಪ್ಯೂಟರಿನಲ್ಲಿ ಬಸಿರಾದ ಮಲ್ಲಜ್ಜ

ನನಗೊಂದು ದುರಭ್ಯಾಸವಿದೆ. ಯಾರಾದರೂ "ಏನ್ ಕಲಸ್ತೀರಿ ಸರ?" ಎಂದು ಕೇಳಿದರೆ ಎದೆಯುಬ್ಬಿಸಿ "ಬಯೋಮೆಡಿಕಲ್ ಇನ್ಫರ್ಮ್ಯಾಟಿಕ್ಸ್" ಎನ್ನುತ್ತೇನೆ. ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಹಾಗೆಂದಾಗ ಪಕ್ಕದಲ್ಲಿ ಕೂತವರು ಒಂದೋ ನೋಯುವ ಮೊಣಕಾಲು ಚಾಚುತ್ತಾರೆ, ಇಲ್ಲವೇ ಕೆಟ್ಟ ಮೊಬೈಲನ್ನು ಕೈಗಿಡುತ್ತಾರೆ. ಎರಡನ್ನೂ ರಿಪೇರಿ ಮಾಡಲು ನನಗೆ ಬರುವುದಿಲ್ಲ. ರೋಗಿಗಳ ವಯಸ್ಸು, ರಕ್ತಪರೀಕ್ಷೆ, ಔಷಧ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಪ್ರೋಗ್ರಾಂ ಬರೆದು, ಅದರಿಂದ ಏನಾದರೂ ಅರ್ಥ ಹೊರಡಿಸುವುದನ್ನು ವಿದ್ಯಾರ್ಥಿಗಳಿಗೆ ಕಲಿಸುವುದಷ್ಟೇ ನನ್ನ ಕೆಲಸ. ಕಲಿಸುತ್ತಿದ್ದೇನೆ ಎಂದು ನಾನಾದರೂ ತಿಳಿದುಕೊಂಡಿದ್ದೇನೆ.

ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರ್ ಕಡಿಮೆ, ತಲೆ ಹೆಚ್ಚು. ಹಾಗಾಗಿ ಒಂದಕ್ಕೆ ಇಬ್ಬರು. ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ತಪ್ಪು ಹಿಡಿಯಬೇಕು, ಆಮೇಲೆ ಅದಲು ಬದಲು. ದೊಡ್ಡ ದೊಡ್ಡ ಕಂಪನಿಗಳಲ್ಲೂ ಈ ಪದ್ಧತಿ ಉಂಟಂತೆ. ಆದರೆ ಆ ಕಂಪನಿಯವರು ಅತ್ತಿಗೆ ನಾದಿನಿಯರನ್ನು ಒಂದೇ ಕಂಪ್ಯೂಟರಿನ ಮುಂದೆ ಕೂಡಿಸಿ ನೋಡಿಲ್ಲವೆಂದು ಕಾಣುತ್ತದೆ. ನಾನು ಕೂಡಿಸಿದೆ. ಸುವರ್ಣಾ ಪಕ್ಕದ ಚಚಡಿ ಊರಿನ ಸೊಸೆ, ನರ್ಸಿಂಗ್ ಮುಗಿಸಿ ಬಂದವಳು. ರೂಪಾ ಅವಳ ಗಂಡನ ತಂಗಿ. ಅತ್ತೆ ಶಾಂತವ್ವ ಸೊಸೆಗೆ ಮೊದಲೇ ಹೇಳಿ ಕಳಿಸಿದ್ದರಂತೆ: "ಮೊದಲನೇ ಪರೀಕ್ಷಾ ಪಾಸಾದ್ರ ಮುಂದ ಕಲಿ, ಇಲ್ಲಂದ್ರ ಮನ್ಯಾಗ ಕುಂದ್ರು." ಆ ಪರೀಕ್ಷೆಗೆ ಒಬ್ಬೊಬ್ಬರೇ ಕೂರಬೇಕು. ಸುವರ್ಣಾಳ ಕೈ ನೋಡಿದರೆ ಕೀಬೋರ್ಡಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಕೇಳಿದರೆ, "ರೂಪಾ ಮಾಡತಾಳ್ರಿ ಸರ. ಅಕಿ ಮನಿ ಮಗಳ್ರಿ" ಎನ್ನುತ್ತಿದ್ದಳು.

ಒಂದು ದಿನ ಎರಡು ಪಟ್ಟಿಗಳನ್ನು ಜೋಡಿಸಲು ಕೊಟ್ಟೆ. ಒಂದರಲ್ಲಿ ರೋಗಿಯ ಹೆಸರು, ಊರು, ವಯಸ್ಸು. ಇನ್ನೊಂದರಲ್ಲಿ ಪರೀಕ್ಷೆಯ ಫಲಿತಾಂಶ. ಎಲ್ಲರೂ ನಾನೇ ಹುಟ್ಟಿಸಿದ ರೋಗಿಗಳು. ರೋಗಿಯ ನಂಬರು ನೋಡಿ ಜೋಡಿಸಬೇಕಿತ್ತು. ರೂಪಾ ಅವಸರದಲ್ಲಿ ಒಂದರ ಪಕ್ಕ ಇನ್ನೊಂದನ್ನು ಹಾಗೇ ಅಂಟಿಸಿಬಿಟ್ಟಳು. ಯಾರದೋ ಫಲಿತಾಂಶ ಯಾರದೋ ಹೆಸರಿನ ಮುಂದೆ ಬಂದು, ಸಿರಸಂಗಿಯ ಎಪ್ಪತ್ತು ವರ್ಷದ ಮಲ್ಲಜ್ಜ ಬಸಿರಾದ. "ನಿನಗ ಇದು ಕಾಣಲಿಲ್ಲೇನ ಸುವರ್ಣಾ?" ಎಂದು ರೇಗಿದೆ. ಅವಳು ತಲೆ ತಗ್ಗಿಸಿ ಮೆಲ್ಲಗೆ, "ಕಂಡಿತ್ರಿ ಸರ. ಅಕಿ ತಪ್ಪು ಮಾಡ್ಯಾಳಂತ ನಾ ಹೇಳಿದ್ರ, ಸಂಜಿಮುಂದ ಮನ್ಯಾಗ ಅದು ನನ್ನ ತಪ್ಪ ಆಗಿರತೈತ್ರಿ" ಎಂದಳು. ಅಯ್ಯೋ ಶಿವನೇ! ನಾನು ಕಲಿತ ಯಾವ ಕಂಪ್ಯೂಟರ್ ಭಾಷೆಯಲ್ಲೂ ಇದಕ್ಕೆ ಮದ್ದಿರಲಿಲ್ಲ. ಮರುದಿನ ಇಬ್ಬರನ್ನೂ ಬೇರೆ ಬೇರೆ ಕಡೆ ಕೂಡಿಸಿ, ಮಹಾ ಜಾಣನಂತೆ ಚಹಾ ಕುಡಿಯಲು ಹೋದೆ.

ಎರಡು ದಿನ ಕಳೆಯುವುದರೊಳಗೆ ಶಾಂತವ್ವನೇ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಲ್ಯಾಬಿಗೆ ಬಂದರು. "ಒಂದ ಮನಿ ಹೆಣಮಕ್ಕಳನ್ನ ಬ್ಯಾರೆ ಮಾಡೀರಂತಲ್ರಿ ಸರ? ಇಬ್ಬರೂ ಜಗಳಾಡ್ಯಾರಂತ ಊರ ತುಂಬ ಸುದ್ದಿ ಆಗೈತಿ. ಮನಿ ಒಡಿಯೂದನ್ನೂ ಇದರಾಗ ಕಲಸ್ತೀರೇನು?" ಗಾಬರಿಯಲ್ಲಿ ಮಲ್ಲಜ್ಜನ ಕಥೆಯನ್ನು ಪೂರ್ತಿ ಒದರಿಬಿಟ್ಟೆ, ಸುವರ್ಣಾ ಯಾಕೆ ಸುಮ್ಮನಿದ್ದಳೆಂಬುದನ್ನೂ ಸೇರಿಸಿ. ಆಮೇಲೆ ನಾಲಗೆ ಕಚ್ಚಿಕೊಂಡೆ. ಸುವರ್ಣಾಳ ಮುಖ ಬಿಳಿಚಿಕೊಂಡಿತ್ತು. ಈ ಹುಡುಗಿಯ ಓದು ನನ್ನ ಬಾಯಿಂದಲೇ ಮುಗಿಯಿತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ಶಾಂತವ್ವ ಸೊಸೆಯ ಕಡೆ ತಿರುಗಿದರು. "ಕಣ್ಣಿಗೆ ಕಂಡ ಮ್ಯಾಲೆ ಹೇಳಬೇಕಲ್ಲವಾ! ಆ ಮುದುಕನ ಬದ್ಲಿ ನನ್ನ ಹೆಸರ ಇದ್ದಿದ್ರ? ಈ ವಯಸ್ಸಿನ್ಯಾಗ ನನ್ನ ಬಾಣಂತನ ಯಾರ ಮಾಡಬೇಕಿತ್ತು, ನೀನ?" ಲ್ಯಾಬ್ ಪೂರ್ತಿ ಬಿದ್ದು ಬಿದ್ದು ನಕ್ಕಿತು. ರೂಪಾ ನಾಚಿಕೊಂಡು, "ನೀವ ಹೇಳಬೇಕಿತ್ತಲ್ರಿ ವೈನಿ" ಎಂದು ಅತ್ತಿಗೆಯ ಕೈ ಹಿಡಿದಳು. "ಅಕಿ ತಪ್ಪಿದ್ರ ನೀ ಹೇಳು, ನೀ ತಪ್ಪಿದ್ರ ಅಕಿ ಹೇಳ್ಲಿ. ಮನ್ಯಾಗಿಂದು ನಾ ನೋಡ್ಕೋತೇನಿ" ಎಂದು ಸೊಸೆಗೆ ಹೇಳಿದ ಶಾಂತವ್ವ, ಇಬ್ಬರನ್ನೂ ಮತ್ತೆ ಒಂದೇ ಕಡೆ ಕೂಡಿಸಬೇಕೆಂದು ನನಗೆ ಹುಕುಂ ಮಾಡಿ ಹೋದರು. ಕೂಡಿಸಿದೆ. ಅಂದಿನಿಂದ ಆ ಮೂಲೆಯಲ್ಲಿ ಕೀಬೋರ್ಡಿಗಾಗಿ ದಿನವೂ ಜಗಳ. ಅದನ್ನು ಕೇಳುವುದೇ ನನಗೊಂದು ಸಂತೋಷವಾಗಿತ್ತು.

ಪರೀಕ್ಷೆಯ ದಿನ ಹೊರಗಿನಿಂದ ಪರೀಕ್ಷಕರು ಬಂದರು. ಸುವರ್ಣಾ ಒಬ್ಬಳೇ ಕೂತು ಪಟ್ಟಿಗಳನ್ನು ಜೋಡಿಸಿದಳು. ಅಷ್ಟಕ್ಕೇ ಬಿಡದೆ, ಗಂಡಸರು ಯಾರೂ ಬಸಿರಾಗಿಲ್ಲವೆಂಬುದನ್ನು ಪ್ರೋಗ್ರಾಂ ಬರೆದು ತೋರಿಸಿದಳು. ಪರೀಕ್ಷಕರು ಖುಷಿಯಾಗಿ, "ಭಾಳ ಛಲೋ ಮಾಡಿದಿ, ಪಾಸಾದಿ ಅಂತ ತಿಳ್ಕೊ. ಹಿಂಗ ತಪಾಸ ಮಾಡೂದು ನಿನಗ ಯಾರ ಕಲಿಸ್ಯಾರವಾ?" ಎಂದು ಕೇಳಿದರು. ನಾನು ಕಾಲರ್ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ನಮ್ಮ ಅತ್ತಿಯವ್ರ ರೀ" ಎಂದಳು ಸುವರ್ಣಾ.

ಪರೀಕ್ಷಕರು ಹುಬ್ಬೇರಿಸಿ ನನ್ನ ಕಡೆ ತಿರುಗಿದರು. "ಹೌದಾ? ಅವ್ರು ಯಾವ ಕಾಲೇಜಿನ್ಯಾಗ ಕಲಸ್ತಾರ್ರಿ?"