ಎಣ್ಣೆ ಏರುವವರೆಗೆ

ಮನೆಯಲ್ಲಿ ಕಾರಿಟ್ಟುಕೊಂಡೂ ಆರು ವರ್ಷ ನಡೆದೇ ಓಡಾಡಿದ ಮಹಾಪುರುಷ ನಮ್ಮ ಆಂಡರ್ಸನ್‌ಪೇಟೆಯಲ್ಲಿ ಒಬ್ಬನೇ. ಅವನು ನನ್ನ ಅಣ್ಣ! ಕಾರೆಂದರೆ ಹಳೇ ಅಂಬಾಸಿಡರ್. ಎಂಜಿನ್ ಸುಟ್ಟುಕೊಂಡು ಶೆಡ್ಡಿನಲ್ಲಿ ಕೂತಿತ್ತು. ಮಾರಿಬಿಡು ಅಂದರೆ, "ಜ್ವರ ಬಂದೋರ್ನ ಮಾರ್ತಾರೇನ್ಲಾ?" ಅನ್ನುತ್ತಿದ್ದ. ಆರು ವರ್ಷದ ಜ್ವರ!

ಮೊದಲು ಅವನು ಹೀಗಿರಲಿಲ್ಲ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಕಣ್ಣು ಮುಚ್ಚಿ ಬಿಗಿದ ಬೋಲ್ಟೂ ಅಲ್ಲಾಡುತ್ತಿರಲಿಲ್ಲ. ಎಂಜಿನ್ ಹೋದ ಮೇಲೆ ತನ್ನ ಕೈಯನ್ನು ತಾನೇ ನಂಬುವುದು ಬಿಟ್ಟ. ಬೀಗ ಹಾಕಿದರೆ ಮೂರು ಸಲ ಎಳೆದು ನೋಡಬೇಕು. ಒಮ್ಮೆ ಮದುವೆಗೆ ಹೊರಟವನು, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಎರಡು ಸಲ ವಾಪಸ್ ಬಂದ. ನಾವು ತಲುಪುವ ಹೊತ್ತಿಗೆ ತಾಳಿ ಕಟ್ಟಿ ಆಗಿತ್ತು, ಊಟ ಆಗಿತ್ತು, ಛತ್ರ ಗುಡಿಸುತ್ತಿದ್ದರು!

ಈ ವರ್ಷ ಬಂಗಾರಪೇಟೆಯ ಮೆಕ್ಯಾನಿಕ್ ಒಬ್ಬ ಕಾರನ್ನು ತನ್ನ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಎಂಜಿನ್ ಬಿಚ್ಚಿ ಹೊಸದಾಗಿ ಜೋಡಿಸಿದ. ಎಣ್ಣೆ ಪಂಪಿನಲ್ಲಿ ಗಾಳಿ ಉಳಿದರೆ ಅದು ಎಣ್ಣೆ ಎಳೆಯುವುದಿಲ್ಲ, ಒಳಗೆ ವ್ಯಾಸಲೀನ್ ತುಂಬಬೇಕು ಎಂದು ಅಣ್ಣ ಅತ್ತಿಗೆಯ ಡಬ್ಬಿಯನ್ನೇ ಎತ್ತಿಕೊಂಡ.

"ನನ್ ಕಾಲಿನ ಇಮ್ಮಡಿ ಒಡೆದು ರಕ್ತ ಬತ್ತೈತೆ, ನಿಮ್ಗೆ ಕಾರಿನ ಚಿಂತೆ!"

"ನೀನು ಸಾಕ್ಸ್ ಆಕ್ಕೋಬೋದು ಕಣೇ. ಪಂಪು ಏನ್ ಆಕ್ಕೊಳ್ತದೆ?"

ಗ್ಯಾರೇಜಿನಲ್ಲಿ ಪಂಪು ಕೂರಿಸಿದ ಮೇಲೆ ಮೆಕ್ಯಾನಿಕ್ ಕೀ ಹಿಡಿದು, "ಸ್ಟಾರ್ಟ್ ಮಾಡಿ ಸಾರ್, ಎಣ್ಣೆ ತಾನೇ ಮೇಲಕ್ಕೆ ಏರ್ತದೆ" ಎಂದ.

"ಅದು ಏರೋವರ್ಗೂ ನಿನ್ ಮೂಗು ಇಡ್ಕಂಡಿರ್ಲಾ?" ಎಂದು ಅಣ್ಣ ಕೀ ಕಿತ್ತುಕೊಂಡ. ಹೊಸ ಎಂಜಿನ್ ಇರುವ ಕಾರು ಟ್ರ್ಯಾಕ್ಟರ್ ಹಿಂದೆ ಹಗ್ಗ ಕಟ್ಟಿಸಿಕೊಂಡು ಊರಿಗೆ ಬಂತು. ಸ್ಟಿಯರಿಂಗ್ ಹಿಡಿದ ಅಣ್ಣ ದಾರಿಯುದ್ದಕ್ಕೂ ಓಟು ಕೇಳುವವನ ಹಾಗೆ ಕೈ ಬೀಸಿದ!

ಮರುದಿನ ಬೆಳಿಗ್ಗೆ ಅಸಲಿ ಪೂಜೆ. ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಮುಂದುಗಡೆ ಹ್ಯಾಂಡಲ್ ಚುಚ್ಚಿ, ಎಂಜಿನ್ನನ್ನು ಕೈಯಲ್ಲೇ ತಿರುಗಿಸಬೇಕು. ತಳದ ಎಣ್ಣೆ ಮೇಲೇರಿ ಮೂಲೆಮೂಲೆಗೂ ತಲುಪಿದರೆ ಸ್ಟಿಯರಿಂಗ್ ಹತ್ತಿರದ ಎಣ್ಣೆ ಮೀಟರಿನ ಮುಳ್ಳು ಏಳುತ್ತದೆ. ಅಲ್ಲಿಯವರೆಗೆ ಕೀ ಮುಟ್ಟುವಂತಿಲ್ಲ. ಒಣ ಎಂಜಿನ್ ಓಡಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಮತ್ತೆ ಶೆಡ್ಡೇ ಗತಿ. ಅಣ್ಣ ಒಳಗೆ ಕೂತು ಮುಳ್ಳು ನೋಡಿದ. ನಾನು ತಿರುಗಿಸಿದೆ. ತಿರುಗಿಸಿದೆ. ಮುಳ್ಳು ಮಲಗೇ ಇತ್ತು!

ಪಕ್ಕದ ಮನೆಯ ಅಜ್ಜಿ ಗೋಡೆಯ ಆಚೆಯಿಂದ, "ಏನಪ್ಪಾ, ಕಾರಾಗೆ ರಾಗಿ ಬೀಸ್ತಿದ್ದೀರಾ?" ಎಂದಳು.

"ಇಟ್ಟಾದ್ಮೇಲೆ ಕೊಟ್ಟು ಕಳಿಸ್ತೀನಜ್ಜಿ!" ಎಂದ ಅಣ್ಣ. ಆಮೇಲೆ ನನ್ನ ಕಡೆ ತಿರುಗಿದ. "ನನ್ ಕೈಗುಣವೇ ಸರಿ ಇಲ್ಲ ಕಣ್ಲಾ. ಆವತ್ತು ಬೋಲ್ಟು ಸಡಿಲ ಬಿಟ್ಟೋನು, ಇವತ್ತಿನ್ನೇನು ಬಿಟ್ಟಿದ್ದೀನೋ."

ನನಗೆ ಹ್ಯಾಂಡಲ್ ಭಾರವಾಯಿತು. ಆರು ವರ್ಷದ ಹಿಂದೆ ಎಣ್ಣೆ ಬದಲಾಯಿಸುವಾಗ ಅಣ್ಣ ಸ್ಪ್ಯಾನರ್ ಕೊಟ್ಟು, ತಳದ ಬೋಲ್ಟು ಬಿಗಿ ಮಾಡು ಎಂದು ಒಳಗೆ ಹೋಗಿದ್ದ. ಟೀವಿಯಲ್ಲಿ ಮ್ಯಾಚು ನಡೆಯುತ್ತಿತ್ತು. ನಾನು ಬೆರಳಲ್ಲೇ ತಿರುಗಿಸಿ ಎದ್ದುಬಿಟ್ಟೆ. ಮಾರನೇ ದಿನ ಬಂಗಾರಪೇಟೆ ರಸ್ತೆಯಲ್ಲಿ ಬೋಲ್ಟು ಬಿತ್ತು, ಎಣ್ಣೆ ಸೋರಿತು, ಎಂಜಿನ್ ಕಚ್ಚಿಕೊಂಡಿತು. "ಬೋಲ್ಟು ನಾನು ಬಿಗಿದ್ನಾ, ನೀನಾ?" ಎಂದು ಅಣ್ಣ ರಸ್ತೆಬದಿ ಕೂತು ಕೇಳಿದ್ದ. "ನೀನೇ ಅಣ್ಣ, ಒಳಗಿಂದ ಬಂದು ಬಿಗಿದ್ಯಲ್ಲ" ಅಂದಿದ್ದೆ. ನಾನು ಓದಿದ್ದು ಏಳನೇ ಕ್ಲಾಸು. ಈ ಸುಳ್ಳಿಗೆ ಅಷ್ಟು ಸಾಕಾಗಿತ್ತು.

"ಅಣ್ಣ, ಆ ಬೋಲ್ಟು ಬಿಗಿದೋನು ನೀನಲ್ಲ. ನಾನು. ಬರೀ ಬೆರಳಾಗೆ ತಿರುಗ್ಸಿ ಓಗ್ಬಿಟ್ಟೆ."

ಅಣ್ಣ ಇಳಿದು ಬಂದ. ಕೆನ್ನೆ ಒಡ್ಡಿಕೊಂಡೇ ನಿಂತೆ. ಅವನು ತನ್ನ ಎರಡೂ ಅಂಗೈ ನೋಡಿಕೊಂಡ.

"ಅಂಗಾದ್ರೆ ನನ್ ಕೈ ಸರಿಗೇ ಇತ್ತಾ?"

"ಸರಿಗೇ ಇತ್ತಣ್ಣ."

"ಥೂ ಕಳ್ ನನ್ಮಗನೆ! ಆರು ವರ್ಷ ನಡೆಸ್ದಲ್ಲೋ!" ಎಂದು ಬೈದ. ಬೈಯುತ್ತಲೇ ನನ್ನ ಕೈ ಹಿಡಿದು ಬೊಬ್ಬೆ ನೋಡಿದ. "ಸರಿ ಅತ್ಲಾಗೆ. ನಾನು ತಿರುಗಿಸ್ತೀನಿ. ಮುಳ್ಳು ನೀನ್ ನೋಡು."

ಸೀಟಿನಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡಿದೆ. ಬಹಳ ಹೊತ್ತಾದ ಮೇಲೆ ಮುಳ್ಳು ಒಂದು ಕೂದಲೆಳೆಯಷ್ಟು ಅಲುಗಿತು. ನಿಂತಿತು. ಆಮೇಲೆ ಮೆಲ್ಲಗೆ ಮೇಲೆದ್ದಿತು.

"ಬಂತಾ?"

"ಬಂತಣ್ಣ."

ಅಣ್ಣ ಬಂದು ಇಣುಕುತ್ತಾನೆ ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಅವನು ಬರಲಿಲ್ಲ. ಹ್ಯಾಂಡಲ್ ಕೆಳಗಿಟ್ಟು, ಬೆವರು ಒರೆಸಿಕೊಂಡು, ಸ್ಪಾರ್ಕ್ ಪ್ಲಗ್ ಹಾಕಲು ಶುರು ಮಾಡಿದ.