ಕೊಟ್ಟಿಗೆಯಲ್ಲಿ ಕಟ್ಟಿ ಪಳಗಿಸಿದ ಸೈಕಲ್ಲು

ಓದುಗರಿಗೆಲ್ಲ ನಮಸ್ಕಾರ. ನಾನು ಹತ್ತನೇ ತರಗತಿ ಪಾಸು ಮಾಡಿದ್ದು ಮದುವೆಯಾದ ಮೇಲೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ ಹುಡುಕಿ ಮುಗಿಸುವಷ್ಟರಲ್ಲಿ ಹೇಳಬೇಕಾದ ಮಾತು ಅರ್ಧ ಮರೆತಿರುತ್ತದೆ. ತಪ್ಪು ಕಂಡರೆ ತಿದ್ದಿಕೊಳ್ಳಿ, ತಿದ್ದಲಾಗದಷ್ಟು ಇದ್ದರೆ ಕ್ಷಮಿಸಿ ಮುಂದಕ್ಕೆ ಹೋಗಿ.

ವಿಷಯ ಇಷ್ಟೇ. ನಮ್ಮ ಭಾವ ಬೆಟ್ಟ ಹತ್ತುವ ಗೇರ್ ಸೈಕಲ್ಲು ಕೊಂಡಿದ್ದಾರೆ. ಯುಗಾದಿ ಕಳೆದ ಮೇಲೆ ಕೊಂಡದ್ದು, ಈಗ ಅವರೆಕಾಯಿ ಬಂದಿದೆ. ಇಷ್ಟು ಕಾಲದಲ್ಲಿ ಅವರು ಅದರ ಮೇಲೆ ಒಂದೇ ಒಂದು ಸಲವೂ ಕೂತಿಲ್ಲ! ಆದರೆ ಮಾಗಡಿ ತಾಲೂಕಿನಲ್ಲಿ ಗೇರ್ ಸೈಕಲ್ಲಿನ ಬಗ್ಗೆ ಅವರಷ್ಟು ಮಾತಾಡುವವರನ್ನು ನಾನಂತೂ ಕಂಡಿಲ್ಲ.

ಭಾವ ಅಂದರೆ ನಮ್ಮಕ್ಕನ ಗಂಡ. ಸೋಲೂರು ಕಡೆಯವರು. ಒಂದು ಕಾಲದಲ್ಲಿ ಎತ್ತು ಪಳಗಿಸುವುದರಲ್ಲಿ ಸುತ್ತಮುತ್ತ ಅವರದೇ ಹೆಸರು. ಯಾರ ಮನೆ ಹೋರಿ ನೊಗಕ್ಕೆ ಕತ್ತು ಕೊಡುವುದಿಲ್ಲವೋ ಅದು ಭಾವನ ಕೊಟ್ಟಿಗೆಗೆ ಬರುತ್ತಿತ್ತು. ಭಾವ ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಮೊದಲು ಸುಮ್ಮನೆ ಕಟ್ಟಿಹಾಕುವುದು. ಆಮೇಲೆ ಹಗ್ಗ ಹಿಡಿದು ಊರು ಸುತ್ತಿಸುವುದು. ಆಮೇಲೆ ಒಂದು ಹಗುರವಾದ ದಿಮ್ಮಿ ಎಳೆಸುವುದು. ಉಳುಮೆ ಮಾಡುತ್ತಿದ್ದೇನೆ ಅಂತ ಹೋರಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ಹೊಲ ಮುಗಿದಿರುತ್ತಿತ್ತು. ಈಗ ಊರ ತುಂಬ ಟ್ರಾಕ್ಟರು. ಟ್ರಾಕ್ಟರು ಪಳಗಿಯೇ ಬರುತ್ತದೆ. ಕಲಿತ ವಿದ್ಯೆ ಎಷ್ಟು ದಿನ ಅಂತ ಸುಮ್ಮನೆ ಕೂರುತ್ತದೆ, ಹೇಳಿ?

ಇನ್ನು ನನ್ನ ಕಾಲಿನ ವಿಷಯ. ಅದನ್ನು ಬಿಟ್ಟರೆ ಈ ಕಥೆ ನಡೆಯುವುದಿಲ್ಲ. ಆಗ ಕಾಲೂ ನಡೆಯುತ್ತಿರಲಿಲ್ಲ.

ನನ್ನದು ಮಾಗಡಿಯಲ್ಲಿ ಬೂಸಾ ಹಿಂಡಿ ಅಂಗಡಿ. ಹೋದ ವರ್ಷ ಮೂಟೆಗಳ ಮೇಲೆ ಹತ್ತಿದವನು ಜಾರಿ ಬಿದ್ದೆ. ಹಿಂದೆಯೇ ಒಂದು ಮೂಟೆ ಬಂದು ನನ್ನ ಎಡ ಮಂಡಿಯ ಮೇಲೆ ಕೂತಿತು. ಆಪರೇಷನ್ ಆಯಿತು, ಮೂಳೆ ಕೂಡಿತು. ಮಂಡಿ ಮಾತ್ರ ಮಡಚುವುದನ್ನು ಮರೆತುಬಿಟ್ಟಿತು. "ನೋವಾದರೂ ದಿನಾ ಮಡಚಿ ಅಭ್ಯಾಸ ಮಾಡಿ, ಈಗ ಬಿಟ್ಟರೆ ಕೊನೆಯವರೆಗೂ ಹೀಗೇ ಉಳಿಯುತ್ತೆ" ಎಂದರು ಡಾಕ್ಟರು. ಕೆಲವು ದಿನ ಮಾಡಿದೆ. ಕಣ್ಣಲ್ಲಿ ನೀರು ಬಂತು, ಬಿಟ್ಟೆ. ಹೆಂಡತಿ ನೆನಪು ಮಾಡಿದರೆ ರೇಗಿದೆ, ಅಕ್ಕ ನೆನಪು ಮಾಡಿದರೆ ಫೋನು ಇಟ್ಟೆ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿರುತ್ತಿದ್ದೆ. ಬಂದವರು ಮೊದಲು ಕಾಲನ್ನು ವಿಚಾರಿಸಿ ಆಮೇಲೆ ಹಿಂಡಿ ಕೇಳುತ್ತಿದ್ದರು.

ಚನ್ನಪಟ್ಟಣದಲ್ಲಿ ನೆಂಟರ ಮನೆ ಗೃಹಪ್ರವೇಶ. ನೆಲದ ಮೇಲೆ ಸಾಲಾಗಿ ಎಲೆ ಹಾಕಿದ್ದರು. ನಮ್ಮ ವಯಸ್ಸಿನವರೆಲ್ಲ ಚಕ್ಕಳಮಕ್ಕಳ ಹಾಕಿ ಕೂತರು. ನನಗೆ ಮೂಲೆಯಲ್ಲಿ, ವಯಸ್ಸಾದ ಹೆಂಗಸರ ಜೊತೆ, ಪ್ಲಾಸ್ಟಿಕ್ ಕುರ್ಚಿ. ಪಕ್ಕದ ಅಜ್ಜಿ ನನ್ನ ಕಾಲು ನೋಡಿ ಬಹಳ ಪ್ರೀತಿಯಿಂದ ಕೇಳಿತು.

"ನಿಂಗೂ ಮಂಡಿನೋವಾ ಮಗ? ಯಾವ್ ಎಣ್ಣೆ ಅಚ್ತೀಯೆ?"

ಆ ಪಂಕ್ತಿಗೆ ಬಡಿಸುತ್ತಿದ್ದದ್ದು ಭಾವ. ಒಬ್ಬಟ್ಟಿನ ಪಾತ್ರೆ ಹಿಡಿದು ಬಂದವರು ನನ್ನ ಕಾಲನ್ನು ನೋಡಿದರು. ಒಂದು ಒಬ್ಬಟ್ಟು ಹೆಚ್ಚಿಗೆ ಹಾಕಿ ಹೋದರು.

ಆ ವಾರವೇ ಫೋನು ಬಂತು.

"ಲೇ ಬಾಮೈದ, ರಾಮನಗರಕ್ಕೆ ಬಾ. ಗೇರ್ ಸೈಕಲ್ ತಗೊಬೇಕು."

"ಯಾರಿಗೆ ಬಾವ?"

"ಇನ್ಯಾರ್ಗೆ? ನಂಗೇಯ. ನೀನು ಹಿಂದಕ್ಕೆ ಡೇರಿಗೆ ಸೈಕಲ್ ಮೇಲೆ ಹಾಲ್ ಹಾಕ್ತಿದ್ದೋನಲ್ವಾ, ನಿಂಗ್ ಗೊತ್ತಾಯ್ತದೆ."

ಪಕ್ಕದೂರಿಗೂ ನಡೆದೇ ಹೋಗುವ ಮನುಷ್ಯ ಭಾವ. ಆದರೂ ಅಕ್ಕನ ಗಂಡ ಕರೆದ ಮೇಲೆ ಇಲ್ಲ ಅನ್ನುವುದು ಹೇಗೆ? ಕಾಲು ಎಳೆದುಕೊಂಡು ಬಸ್ಸು ಹತ್ತಿದೆ.

ಸೈಕಲ್ ಅಂಗಡಿಯಲ್ಲಿ ಭಾವ ಸೈಕಲ್ಲನ್ನು ನೋಡಿದ ರೀತಿ ನೀವು ನೋಡಬೇಕಿತ್ತು. ಮೊದಲು ಎದುರಿಗೆ ನಿಂತು ನೋಡಿದರು. ಪಕ್ಕಕ್ಕೆ ಬಂದು ಬೆನ್ನು ಸವರಿದರು, ಅಂದರೆ ಸೀಟು. ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಏನೋ ಹುಡುಕಿದರು. ಹೋರಿಯ ಮೈಮೇಲೆ ಕೂದಲ ಸುಳಿ ಶುಭವೋ ಅಲ್ಲವೋ ನೋಡುವ ಅಭ್ಯಾಸ! ಕಡೆಗೆ ಒಂದು ಗೀರು ಸಿಕ್ಕಿತು.

"ಇದು ಒಳ್ಳೆ ಜಾಗದಲ್ಲೇ ಐತೆ. ತೊಂದ್ರೆ ಇಲ್ಲ" ಎಂದರು.

ಅಂಗಡಿಯ ಯುವಕ ಬಹಳ ಮರ್ಯಾದಸ್ಥ. "ಓಡಿಸೋರು ಯಾರು ಸಾರ್? ಹೈಟ್ ನೋಡಿ ಸೈಜ್ ಕೊಡ್ಬೇಕು" ಎಂದ.

"ನಾನೇ ಓಡ್ಸಾದು ಕಣಪ್ಪ. ಇವನ್ನ ಅಳಿ, ಸಾಕು."

"ಅವರನ್ನ ಯಾಕೆ ಸಾರ್?"

"ಇಬ್ರೂ ಒಂದೇ ಎತ್ರ."

ಭಾವ ಬಾಗಿಲಿನಲ್ಲಿ ತಲೆ ಬಗ್ಗಿಸಿ ಒಳಗೆ ಬಂದವರು. ನಾನು ಹಾರಿದರೂ ಬಾಗಿಲಿನ ಮೇಲ್ಗಡೆ ನನಗೆ ಸಿಗುವುದಿಲ್ಲ. ಯುವಕ ನಮ್ಮಿಬ್ಬರನ್ನೂ ನೋಡಿ, ಗಿರಾಕಿ ದೇವರೆಂದು ನಂಬಿ, ನನ್ನನ್ನೇ ಅಳೆದ.

ಬೆಲೆಯ ಮಾತು ಬಂತು. ಭಾವ ಹೆಗಲ ಮೇಲಿದ್ದ ಟವಲ್ಲು ತೆಗೆದು ಯುವಕನ ಕೈಮೇಲೆ ಹಾಕಿ, ಒಳಗಿನಿಂದ ಅವನ ಬೆರಳು ಹಿಡಿದು ಅಮುಕಿದರು. ದನದ ವ್ಯಾಪಾರದಲ್ಲಿ ಹಾಗೆ ತಾನೆ? ಬಾಯಲ್ಲಿ ಬೆಲೆ ಹೇಳಿದರೆ ಪಕ್ಕದವನಿಗೆ ಗೊತ್ತಾಗುತ್ತದೆ. ಯುವಕನ ಮುಖ ಬಿಳಿಚಿಕೊಂಡಿತು.

"ಸಾರ್... ಫಿಕ್ಸೆಡ್ ರೇಟ್ ಸಾರ್. ಬೇಕಾದ್ರೆ ಹೆಲ್ಮೆಟ್ ಫ್ರೀ ಕೊಡ್ತೀನಿ, ಕೈ ಬಿಡಿ ಸಾರ್!"

ಹೆಲ್ಮೆಟ್ಟೂ ನನ್ನ ತಲೆಯ ಅಳತೆಯದೇ ತೆಗೆದುಕೊಂಡರು.

ಸೈಕಲ್ಲು ಗೂಡ್ಸ್ ಆಟೋದಲ್ಲಿ ಭಾವನ ಊರಿಗೆ ಬಂತು, ನಾನೂ ಜೊತೆಗೆ. ಪಕ್ಕದಲ್ಲಿ ಭಾವ ಹ್ಯಾಂಡಲ್ ಹಿಡಿದು ಕೂತಿದ್ದರು, ಹೋರಿ ಬೆದರದಿರಲಿ ಅಂತ. ಬಂದದ್ದೇ ಅದನ್ನು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಹಗ್ಗ ಹಾಕಿ ಕಟ್ಟಿದರು. "ಒಸಿ ದಿನ ಜಾಗಕ್ಕೆ ಒಗ್ಗಲಿ" ಎಂದರು.

ಆ ರಾತ್ರಿ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ನೋಡ್ಲಾ ನಿಮ್ ಬಾವನ್ನ. ಸಾಯಂಕಾಲ ಹಸೀಗೆ ಹೊಗೆ ಹಾಕಾಕ್ ಹೋದ್ರು, ಸೈಕಲ್ಲಿಗೂ ಹಾಕ್ಬುಟ್ ಬಂದವ್ರೆ, ಸೊಳ್ಳೆ ಕಚ್ತದೆ ಅಂತ! ನಾಳೀಕೆ ಇದ್ಕೂ ಒಂದ್ ಮಂಕ್ರಿ ಹುಲ್ಲು ನಾನೇ ಕುಯ್ಕೊಂಡ್ ಬರಬೇಕೇನೋ!"

ಮುಂದಿನ ವಾರ ಮತ್ತೆ ಕರೆ. ಸೈಕಲ್ಲಿನ ಮುಂದಿನ ಶಾಕಿನಲ್ಲಿ, ಅಂದರೆ ಕುಲುಕು ತಡೆಯುವ ಕೊಳವೆಯಲ್ಲಿ, ಗಾಳಿ ಇರುತ್ತದಂತೆ. ಸವಾರನ ಭಾರಕ್ಕೆ ತಕ್ಕಷ್ಟು ತುಂಬಬೇಕಂತೆ. ಸವಾರ ಕೂತರೆ ಒಂಚೂರು ಮಾತ್ರ ಕುಗ್ಗಬೇಕಂತೆ.

"ಹತ್ತಿ ಕುಂತ್ಕೊ" ಎಂದರು ಭಾವ.

"ಬಾವ, ಸವಾರ ನೀವು. ನಿಮ್ ಭಾರ ಅಲ್ವಾ ನೋಡ್ಬೇಕಾದ್ದು?"

"ನಾನ್ ಕುಂತ್ರೆ ಶಾಕ್ ಬಗ್ಗಿ ನೋಡೋರ್ ಯಾರ್ಲಾ? ನೀನ್ ಬಗ್ತೀಯಾ?"

ಹ್ಯಾಂಡಲ್ ಹಿಡಿದು ಹತ್ತಿ ಕೂತೆ. ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಎರಡೂ ಕಡೆ ದಿಮ್ಮಿ ಕೊಟ್ಟು ನಿಲ್ಲಿಸಿದ್ದರು. ಸೀಟನ್ನು ಎಷ್ಟು ಎತ್ತರಕ್ಕೆ ಏರಿಸಿದ್ದರೆಂದರೆ ಕೂತಾಗ ಕೊಟ್ಟಿಗೆಯ ಜಂತಿಯಲ್ಲಿದ್ದ ಜೇಡ ನನ್ನ ಜೊತೆ ಮಾತಾಡುವಷ್ಟು ಹತ್ತಿರವಿತ್ತು. ಶಾಕು ನೋಡಿ ಆಯಿತು. ಆಮೇಲೆ ಗೇರು ನೋಡಬೇಕು, ತುಳಿ ಎಂದರು. ತುಳಿದೆ. ಅರ್ಧ ಸುತ್ತಿಗೆ ಮಂಡಿ ನಿಂತಿತು. ಹಿಂದಕ್ಕೆ ತಂದೆ, ಮತ್ತೆ ಅರ್ಧ ಸುತ್ತು.

"ಇನ್ನರ್ಧ ಎಲ್ಲೋಯ್ತು?"

"ಮಂಡಿ ಬಗ್ಗಲ್ಲ ಬಾವ."

"ನಿನ್ ಮಂಡಿ ಕಟ್ಕೊಂಡು ನಂಗೇನ್ಲಾ ಆಗಬೇಕು? ಚೈನು ಬಿಗಿ ಐತೆ, ಅದಕ್ಕೇ ತಿರುಗ್ತಿಲ್ಲ. ಎಣ್ಣೆ ಬುಡ್ತೀನಿ, ನೀನ್ ತುಳೀತಿರು."

ಒಂದು ದಿನದ ಕೆಲಸ ಅಂದುಕೊಂಡಿದ್ದೆ. ಚೈನಿಗೆ ಎಣ್ಣೆ ಇಳಿಯಲು ತಿಂಗಳು ಹಿಡಿಯಿತು! ವಾರಕ್ಕೆ ಎರಡು ಮೂರು ಸಲ ಬಸ್ಸಿನಲ್ಲಿ ಹೋಗಿ ಅರ್ಧ ಸುತ್ತು ತುಳಿದು ಬರುವುದು. ಭಾವ ಕೆಳಗೆ ಕೂತು ಚೈನನ್ನೇ ನೋಡುತ್ತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ. ನೋಡಿದ್ದರೆ ಬಹುಶಃ ನಾನು ಇಳಿದುಬಿಡುತ್ತಿದ್ದೆ. ಒಂದು ಬೆಳಿಗ್ಗೆ, ಏನಾಯಿತೋ ಗೊತ್ತಿಲ್ಲ, ಪೆಡಲು ಮೇಲೆ ಬಂತು, ದಾಟಿತು, ಪೂರ್ತಿ ಒಂದು ಸುತ್ತು ಹೋಯಿತು. ನಾನು ಕೂಗಿದ ಕೂಗಿಗೆ ಹಸು ಎದ್ದು ನಿಂತಿತು, ಅಕ್ಕ ಕೈಯಲ್ಲಿದ್ದ ಸೌಟಿನ ಸಮೇತ ಓಡಿಬಂದಳು.

ಭಾವ ನಿಧಾನವಾಗಿ ಕೈ ಒರೆಸಿಕೊಂಡರು. "ನೋಡ್ದಾ? ಎಣ್ಣೆ ಇಳೀತು."

ಮರುದಿನದಿಂದ ಸೀಟಿನ ಕಾಟ ಶುರುವಾಯಿತು. "ಸೀಟು ಒಸಿ ಎತ್ರ ಆಯ್ತು" ಎಂದು ಒಂದು ಬೆರಳಿನಷ್ಟು ಇಳಿಸುವುದು. ಸೀಟು ಇಳಿದಷ್ಟೂ ಮಂಡಿ ಹೆಚ್ಚು ಮಡಚಬೇಕು, ಹೆಚ್ಚು ನೋವು. ಅದಕ್ಕೆ ಹೊಂದಿಕೊಂಡೆ ಅನ್ನುವಾಗ ಇನ್ನೊಂದು ಬೆರಳು.

"ಯಾಕ್ ಬಾವ, ಚೆನ್ನಾಗೇ ಇತ್ತಲ್ಲ?"

"ಬೆಟ್ಟ ಇಳಿಯೋವಾಗ ಸೀಟು ತಗ್ಗಿರಬೇಕು ಅಂತ ಮೊಬೈಲಲ್ಲಿ ತೋರಿಸ್ತಾರೆ ಕಣ್ಲಾ. ನಿಂಗ್ ಗೊತ್ತಾ, ಅವ್ರಿಗ್ ಗೊತ್ತಾ?"

ಮಳೆ ಹಿಡಿಯುವ ಮೊದಲು ಸೈಕಲ್ಲು ಕೊಟ್ಟಿಗೆ ಬಿಟ್ಟು ಹೊರಗೆ ಬಂತು. ಮೊದಲು ಹಗ್ಗ ಕಟ್ಟಿ ಊರು ಸುತ್ತಿಸಿದರು. ಮುಂದೆ ಹಗ್ಗ ಹಿಡಿದ ಭಾವ, ಹಿಂದೆ ಹೆಲ್ಮೆಟ್ಟು ಹಾಕಿಕೊಂಡು ಸೈಕಲ್ಲಿನ ಮೇಲೆ ನಾನು. ಅರಳಿಕಟ್ಟೆಯಲ್ಲಿ ಕೂತಿದ್ದವರು ನಗಲಿಲ್ಲ. ಎದ್ದು ನಿಂತು ದಾರಿ ಬಿಟ್ಟರು. ಅದೇ ನನಗೆ ಹೆಚ್ಚು ಅವಮಾನವಾಯಿತು.

ಬ್ರೇಕಿನ ಪರೀಕ್ಷೆ ಕೆರೆ ಏರಿಯ ಇಳಿಜಾರಿನಲ್ಲಿ. ಹೊಸ ಬ್ರೇಕು ಹತ್ತಾರು ಸಲ ಹಿಡಿದು ಬಿಟ್ಟ ಮೇಲೆಯೇ ಕಚ್ಚುವುದಂತೆ. ಭಾವ ಇಳಿಜಾರಿನ ತುದಿಯಲ್ಲಿ, ದಾರಿಯ ನಟ್ಟನಡುವೆ, ಪಂಚೆ ಎತ್ತಿ ಕಟ್ಟಿ ನಿಂತರು.

"ನನ್ ಮೇಲೇ ಬುಡು. ಇಡೀತದೋ ಇಲ್ವೋ ನೋಡಾನ!"

"ಇಡೀದಿದ್ರೆ?"

"ಇಡೀದಿದ್ರೆ ನಿಮ್ಮಕ್ಕಂಗೆ ಹೇಳು, ಬ್ರೇಕ್ ಸರಿ ಇರ್ಲಿಲ್ಲ ಅಂತ."

ಬಿಟ್ಟೆ. ಅವರ ಪಂಚೆಯ ಅಂಚಿಗೆ ಒಂದು ಗೇಣು ಇರುವಾಗ ಚಕ್ರ ನಿಂತಿತು. ಭಾವ ಅಲುಗಾಡಿರಲಿಲ್ಲ. "ಬ್ರೇಕು ಚೆನ್ನಾಗೈತೆ. ಆದ್ರೆ ನೀನ್ಯಾಕ್ಲಾ ಕಣ್ ಮುಚ್ಕೊಂಡಿದ್ದೆ?" ಎಂದರು.

ಕನಕಪುರದ ಕಡೆ ಉಯ್ಯಂಬಳ್ಳಿಯಲ್ಲಿ ಭಾವನ ಅತ್ತೆಯ ಮಗನೊಬ್ಬರಿದ್ದಾರೆ. ಕಲ್ಲು ದಾರಿಯ ಪರೀಕ್ಷೆಗೆ ಅಲ್ಲಿಗೂ ಹೋದೆವು. ಅಲ್ಲಿ ಆನೆ ಬರುವುದುಂಟು.

"ಆನೆ ಕಂಡ್ರೆ ಗೇರ್ ಹುಡುಕ್ತಾ ಕೂರಬೇಡ. ಸೈಕಲ್ ಬುಟ್ಟು ಓಡು" ಎಂದರು ಭಾವ.

"ನಂಗೆ ಓಡಕ್ ಬರಲ್ವಲ್ಲ ಬಾವ!"

"ಹಂಗಾರೆ ಆನೇಗೇ ಹೇಳು, ಒಸಿ ನಿಧಾನ ಬಾ ಅಂತ."

ಪೊದೆ ಅಲುಗಿತು. ಸೈಕಲ್ಲಿನ ಸಮೇತ ಲಂಟಾನದ ಮುಳ್ಳಿನೊಳಗೆ ಬಿದ್ದೆ. ಪೊದೆಯಿಂದ ಹೊರಗೆ ಬಂದದ್ದು ಒಂದು ಕರು. ಭಾವ ಮೊದಲು ಸೈಕಲ್ಲನ್ನು ಎತ್ತಿ, ಚಕ್ರ ತಿರುಗಿಸಿ ನೋಡಿ, "ಏನೂ ಆಗಿಲ್ಲ" ಎಂದರು. ನನಗೇನಾಯಿತು ಅಂತ ಕರು ಮಾತ್ರ ವಿಚಾರಿಸಿತು.

ಮೊನ್ನೆ ಮೊನ್ನೆ ಕೊನೆಯ ಪರೀಕ್ಷೆ. ಸಾವನದುರ್ಗದ ಬುಡದ ಕಡೆ, ಬಂಡಿ ಜಾಡು, ಆಮೇಲೆ ಏರು, ಏರಿನ ಮೇಲೆ ಒಂದು ಹಾಸುಬಂಡೆ. ನಾನು ಸಣ್ಣ ಗೇರಿಗೆ ಹಾಕಿ ತುಳಿದೆ. ಹಿಂದಿನಿಂದ ಭಾವ, ಚಪ್ಪಲಿ ಕೈಯಲ್ಲಿ, ಊಟದ ಗಂಟು ಹೆಗಲಲ್ಲಿ, "ಹೈ! ಹೈ! ಬುಡಬೇಡ, ಹೈ!" ಎಂದು ಎತ್ತಿಗೆ ಕೂಗುವಂತೆ ಕೂಗುತ್ತ ಓಡಿ ಬರುತ್ತಿದ್ದರು. ಆ ಕೂಗು ಯಾರಿಗೆ ಅಂತ ಕೇಳಲು ನನಗೆ ಉಸಿರಿರಲಿಲ್ಲ. ಬಂಡೆಯ ಮೇಲೆ ಹೋಗಿ ಬ್ರೇಕು ಹಿಡಿದೆ. ಕಾಲು ಊರಿದೆ. ಎರಡೂ ಕಾಲು.

ಭಾವ ಗಂಟು ಬಿಚ್ಚಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮುತ್ತುಗದ ಎಲೆ ಹರಡಿ ನನಗೂ ಹಾಕಿದರು. ಹಸಿವು ಅಂದರೆ ಹಸಿವು. ಗಬಗಬ ತಿಂದೆ. ಎರಡನೆಯ ರೊಟ್ಟಿಗೆ ಕೈ ಹಾಕಿದಾಗ ಭಾವ ತಿನ್ನುವುದನ್ನು ನಿಲ್ಲಿಸಿದ್ದು ಕಂಡಿತು.

"ಯಾಕ್ ಬಾವ?"

"ಏನಿಲ್ಲ. ನಿನ್ ಕಾಲ್ ನೋಡ್ಕೊ."

ನೋಡಿಕೊಂಡೆ. ಬಂಡೆಯ ಮೇಲೆ ಎಲೆ. ಎಲೆಯ ಮುಂದೆ ನಾನು, ಚಕ್ಕಳಮಕ್ಕಳ ಹಾಕಿ ಕೂತಿದ್ದೆ.

ಎಡ ಮಂಡಿಯ ಮೇಲೆ ಕೈಯಿಟ್ಟು ಒತ್ತಿ ನೋಡಿದೆ. ಭಾವ ಬೆಟ್ಟ ನೋಡುತ್ತಿದ್ದರು. ಕಡೆಗೆ ನಾನೇ, "ಬಾವ, ಇಳಿಯೋವಾಗ ನೀವ್ ಓಡ್ಸಿ. ನಿಮ್ ಸೈಕಲ್ಲು" ಎಂದೆ.

"ನಂಗೆಲ್ಲಿ ಬತ್ತದ್ಲಾ ಸೈಕಲ್ಲು? ಕಲೀಲೇ ಇಲ್ಲ" ಎಂದರು ಭಾವ. "ನೀನ್ ತಿನ್ನು."

ಮನೆಗೆ ಬಂದು ಅಕ್ಕನನ್ನು ಕೇಳಿದೆ, ನಿನಗೆ ಗೊತ್ತಿತ್ತಾ ಅಂತ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಚನ್ನಪಟ್ಣದಿಂದ ಬಂದ್ ದಿನ ರಾತ್ರಿ ಉಂಡಿರ್ಲಿಲ್ಲ ಕಣಪ್ಪ ಅವ್ರು" ಎಂದಳು.

ಅವತ್ತು ಬರುವ ಮುಂಚೆ ನಾನು ಸೀಟನ್ನು ಭಾವನ ಎತ್ತರಕ್ಕೆ ಏರಿಸಿ, ಸೈಕಲ್ಲನ್ನು ಕೊಟ್ಟಿಗೆಯಲ್ಲಿ ಕಟ್ಟಿ ಬಂದೆ. ಇನ್ನು ಮೇಲೆ ನಾನು ಹಗ್ಗ ಹಿಡಿಯುತ್ತೇನೆ, ನೀವು ಕೂರಿ ಎಂದು ಹೇಳಿಯೂ ಬಂದೆ. ಮುಂದಿನ ವಾರ ಹೋಗಿ ನೋಡಿದರೆ ಸೀಟು ಮತ್ತೆ ನನ್ನ ಎತ್ತರಕ್ಕೇ ಇಳಿದಿತ್ತು! ಕೇಳಿದರೆ, "ತಾನಾಗೇ ಇಳೀತು ಕಣ್ಲಾ. ಇನ್ನೂ ಸರಿಯಾಗ್ ಪಳಗಿಲ್ಲ" ಎಂದರು.

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಅವರು ನಿಮಗೆ ಗೊತ್ತಾಗದ ಹಾಗೆ ಏನನ್ನು ಪಳಗಿಸಿದರು ಅಂತ ನಾಲ್ಕು ಸಾಲು ಬರೆದು ತಿಳಿಸಿ. ನಾನು ಓದುವುದೂ ನಿಧಾನವೇ. ಆದರೆ ಪೂರ್ತಿ ಓದುತ್ತೇನೆ, ನೆಲದ ಮೇಲೆ ಕೂತು.