ಕೂರಬಾರದ ಸೋಫಾ

ಇಸಾಕ್ ಮಾಡಿಕೊಟ್ಟ ಸೋಫಾದಲ್ಲಿ ಒಂದೇ ಒಂದು ದೋಷವಿತ್ತು. ಅದರ ಮೇಲೆ ಜನ ಕೂರುತ್ತಿದ್ದರು.

ಮಿಕ್ಕಂತೆ ಅದು ನಿರ್ದೋಷಿ. ಗಟ್ಟಿ ಮರ, ಕಡುನೀಲಿ ಮೆತ್ತೆ, ಮೂರು ಜನ ಆರಾಮಾಗಿಯೂ ನಾಲ್ಕು ಜನ ನೆಂಟರಾಗಿಯೂ ಕೂರಬಹುದಾದ ಉದ್ದ. ಮೆತ್ತೆ ತೆಗೆದು ಹಲಗೆ ಎತ್ತಿದರೆ ಒಳಗೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ. ಆ ಜಾಗದಲ್ಲಿ ಚಲುವರಾಜುವಿನ ಇನ್ನೂರ ಮೂವತ್ತೆಂಟು ಪುಸ್ತಕಗಳು ನುಸಿಗುಳಿಗೆ ಸಮೇತ ಮಲಗಿದ್ದವು. ಈ ಗುಟ್ಟು ಗೊತ್ತಿದ್ದವರು ಭೂಮಿಯ ಮೇಲೆ ಇಬ್ಬರೇ. ಒಬ್ಬ ಚಲುವರಾಜು, ಇನ್ನೊಬ್ಬ ಗುತ್ತಲಿನ ಬಡಗಿ ಇಸಾಕ್.

ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ ಚಲುವರಾಜುಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಪುಸ್ತಕ ಕೊಳ್ಳುವ ಚಟ. "ಕುಡಿಯೋನಾಗಿದ್ರೆ ಬಾಟ್ಲಿಯಾದ್ರೂ ಗುಜರಿಗೆ ಓಗೋದು," ಎನ್ನುವುದು ಹೊಳಲಿನ ಅತ್ತೆ ದೇವಿರಮ್ಮನ ವ್ಯಥೆ. ಪುಸ್ತಕಗಳು ಅಟ್ಟ ತುಂಬಿ, ಫ್ರಿಜ್ಜಿನ ತಲೆಗೇರಿ, ಕಡೆಗೆ ದೇವರ ಗೂಡಿನಲ್ಲಿ ಗಣಪತಿಯನ್ನೇ ಪಕ್ಕಕ್ಕೆ ಸರಿಸಿದ ದಿನ ಹೆಂಡತಿ ವೀಣ ತೀರ್ಪು ಕೊಟ್ಟಳು.

"ಈ ಮನೇಲಿ ಇವಾದ್ರೂ ಇರ್ಬೇಕು, ನಾನಾದ್ರೂ ಇರ್ಬೇಕು. ಯೋಚ್ನೆ ಮಾಡಿ ಹೇಳಿ."

ಚಲುವರಾಜು ಯೋಚಿಸಲು ಎರಡು ನಿಮಿಷ ತೆಗೆದುಕೊಂಡ. ಆ ಎರಡು ನಿಮಿಷವನ್ನು ವೀಣ ಇನ್ನೂ ಮರೆತಿಲ್ಲ. ಎಲ್ಲವನ್ನೂ ಲೈಬ್ರರಿಗೆ ಕೊಡುತ್ತೇನೆಂದ. ಕೊಟ್ಟೆನೆಂದೂ ಹೇಳಿದ. ಕೊಟ್ಟದ್ದು ಇಸಾಕನ ಅಂಗಡಿಗೆ. ಅಲ್ಲೇ ಹೊಟ್ಟೆ ತುಂಬಿಸಿಕೊಂಡು ಸೋಫಾ ಮನೆಗೆ ಬಂತು. ಇಳಿಸಿದ ನಾಲ್ವರಲ್ಲಿ ಒಬ್ಬ ಬೆವರು ಒರೆಸಿಕೊಳ್ಳುತ್ತ, "ಇದ್ರೊಳಗೆ ಯಾರಾದ್ರೂ ಅವ್ರಾ ಅಣ್ಣ?" ಎಂದು ಕೇಳಿದ.

ಚಲುವರಾಜು ಎಲ್ಲವನ್ನೂ ಯೋಚಿಸಿದ್ದ. ಗೆದ್ದಲು, ತೇವ, ಕೀಲಿನ ಸದ್ದು, ಯಾವುದನ್ನೂ ಬಿಟ್ಟಿರಲಿಲ್ಲ. ಸೋಫಾ ಎಂದರೆ ಕೂರುವ ವಸ್ತು ಎಂಬುದನ್ನು ಮಾತ್ರ ಮರೆತಿದ್ದ. ಮೊದಲ ಸಂಜೆ ವೀಣ ಅದರ ಮೇಲೆ ಧೊಪ್ಪನೆ ಕೂತು ಟಿ.ವಿ. ಹಾಕಿದಾಗ ಅದು ನೆನಪಾಯಿತು. ಅವನ ಅಪ್ಪ ಪ್ರೈಮರಿ ಶಾಲೆಯ ಮೇಷ್ಟರು. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ತಪ್ಪಿದರೆ ಕಿವಿ ಹಿಂಡಿಸಿಕೊಳ್ಳಬೇಕು. ಇದು ಆ ಮನೆಯ ಸಂವಿಧಾನ. ಕಾಲು ತಗುಲಿದ್ದಕ್ಕೇ ಇಷ್ಟಾದರೆ, ಸರಸ್ವತಿಯ ನೆತ್ತಿಯ ಮೇಲೆ ಕೂತು ಧಾರಾವಾಹಿ ನೋಡುವುದಕ್ಕೆ ಎಷ್ಟು ಕಿವಿ ಬೇಕು?

ಆ ಸಂಜೆಯಿಂದ ಚಲುವರಾಜು ನೆಲದ ಮೇಲೆ. ಯಾರಾದರೂ ಸೋಫಾದ ಮೇಲೆ ಕೂತರೆ ಅವನು ಎದ್ದು ಹೋಗಿ ಅದರ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಬರುವನು. ತೆಗೆದು ಓದೋಣವೆಂದರೆ ಹಜಾರದಲ್ಲಿ ಸದಾ ಯಾರಾದರೊಬ್ಬರು. ಹಗಲು ಕಚೇರಿಯ ಮುರುಕು ಕುರ್ಚಿ, ಸಂಜೆ ತಣ್ಣನೆಯ ನೆಲ. ಅವನಿಗೆ ಉಳಿದ ಸುಖವೆಂದರೆ ಮಂಚ ಒಂದೇ. ಮದುವೆಯಾದಾಗಿನಿಂದ ಅವನ ಮಗ್ಗುಲಿಗೆ ಕಿರುಗುಟ್ಟುತ್ತಿದ್ದ ಮಂಚ ಈಚೆಗೆ ಯಾಕೋ ಬಂಡೆಯ ಹಾಗೆ ಭದ್ರವಾಗಿತ್ತು. ಬಿದ್ದರೆ ನಿದ್ದೆ.

ಎದುರು ಮನೆಯ ಮಾದಯ್ಯ ರಿಟೈರಾದ ಬಸ್ ಕಂಡಕ್ಟರ್. ಮೂವತ್ತು ವರ್ಷ ಮಳವಳ್ಳಿ, ಮದ್ದೂರು, ಮಂಡ್ಯದ ರೂಟಿನಲ್ಲಿ ಕೂತವರನ್ನೂ ನಿಂತವರನ್ನೂ ಎಣಿಸಿದವರು. ಸೀಟು ಖಾಲಿಯಿದ್ದೂ ಕೂರದ ಮನುಷ್ಯನನ್ನು ಅವರು ಸುಮ್ಮನೆ ಬಿಡುವವರಲ್ಲ. ನಾಲ್ಕು ದಿನ ಕಿಟಕಿಯಿಂದ ನೋಡಿ, "ಮೂಲವ್ಯಾಧಿ," ಎಂದು ಟಿಕೆಟ್ ಹರಿದು ಇಡೀ ಬೀದಿಗೆ ಹಂಚಿದರು. ಮೂಲವ್ಯಾಧಿಗೆ ಒಳ್ಳೆಯದೆಂದು ಬೀದಿಯವರು ಸುವರ್ಣಗೆಡ್ಡೆ ತಂದುಕೊಡತೊಡಗಿದರು. ಮನೆಯಲ್ಲಿ ಸುವರ್ಣಗೆಡ್ಡೆಯ ಪಲ್ಯ, ಸುವರ್ಣಗೆಡ್ಡೆಯ ಸಾರು. ಇಲ್ಲವೆನ್ನಲು ಬೇರೆ ಕಾರಣ ಕೊಡಬೇಕಲ್ಲ. ಚಲುವರಾಜು ಬಾಯಿ ಮುಚ್ಚಿಕೊಂಡು ತಿಂದ.

ಹೀಗೆ ಮೂರು ವಾರ ಕಳೆದು ಆ ಭಾನುವಾರ ಬಂತು. ವೀಣಳ ತಂಗಿ ನಯನಳ ಮದುವೆಯ ಮಾತುಕತೆ. ನಯನ ಮದ್ದೂರಿನಲ್ಲಿ ಟೀಚರ್, ಹುಡುಗ ಸ್ವರೂಪ್ ಮಳವಳ್ಳಿಯವನು. ಇಬ್ಬರೂ ಒಪ್ಪಿ, ಫೋನಿನಲ್ಲಿ ಮಾತಾಡಿ, ಒಂದು ಸುತ್ತು ಜಗಳವನ್ನೂ ಆಡಿಯಾಗಿತ್ತು. ಬಾಕಿಯಿದ್ದದ್ದು ಹಿರಿಯರ ಎಲೆಅಡಿಕೆ. ಮಾವ ತೀರಿಕೊಂಡಿದ್ದರಿಂದ ಹೆಣ್ಣಿನ ಕಡೆಗೆ ಚಲುವರಾಜುವೇ ಹಿರಿಯ.

"ಇವತ್ತೊಂದಿನ ಸೋಫಾ ಮೇಲೆ ಕೂತ್ಕೊಳಿ," ಎಂದಳು ವೀಣ. "ಎಷ್ಟೇ ನೋವಾದ್ರೂ ನಗ್ತಾ ಕೂತ್ಕೊಳಿ. ನನ್ ತಂಗಿ ಬಾಳು."

ಸೋಫಾವನ್ನು ಕಿಟಕಿಯ ಕಡೆಗೆ ಸರಿಸುವಾಗ ಒಳಗಿನಿಂದ 'ಠಣ್' ಎಂದಿತು. ಇಸಾಕನ ಕೀಲು ಸಡಿಲವಾಗಿರಬೇಕೆಂದುಕೊಂಡು ಚಲುವರಾಜು ಜೋರಾಗಿ ಕೆಮ್ಮಿದ. ವೀಣಳೂ ಕೆಮ್ಮಿದಳು.

ಹನ್ನೊಂದಕ್ಕೆ ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ಚಿಕ್ಕಬೋರಯ್ಯ ಹೆಸರಿಗಷ್ಟೇ ಚಿಕ್ಕವರು. ಅವರು ಕೂತಾಗ ಸೋಫಾ ಆಲೆಮನೆಯ ಗಾಣದ ಹಾಗೆ ನರಳಿತು. ಚಲುವರಾಜು ಧಾವಿಸಿ ಬಗ್ಗಿ, ಅವರ ಮೊಣಕಾಲಿನ ಪಕ್ಕದ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡ.

"ಇರ್ಲಿ ಬುಡಪ್ಪ, ಚೆನ್ನಾಗಿರು," ಎಂದು ಚಿಕ್ಕಬೋರಯ್ಯ ತಲೆ ಸವರಿದರು.

ಹುಡುಗನ ತಾಯಿ ಕೂತರು. ಚಲುವರಾಜು ಮತ್ತೆ ಬಗ್ಗಿದ. ಹುಡುಗ ಕೂತ. ಚಲುವರಾಜು ಮತ್ತೂ ಬಗ್ಗಿದ. ಹಿರಿಯರೇ ಬಗ್ಗಿದ್ದು ಕಂಡು ಗಾಬರಿಯಾದ ಸ್ವರೂಪ್ ಎದ್ದು ಅವನ ಕಾಲು ಮುಟ್ಟಿ ಮತ್ತೆ ಕೂತ. ಕೂತನಲ್ಲ ಎಂದು ಚಲುವರಾಜು ಇನ್ನೊಮ್ಮೆ ಬಗ್ಗಿದ. "ಸಾಕ್ ಬುಡ್ರಪ್ಪ, ಇಬ್ರೂ ಸೊಂಟ ಇಡ್ಕಂಡಾತು," ಎಂದರು ಚಿಕ್ಕಬೋರಯ್ಯ.

ದೇವಿರಮ್ಮ ಎಲೆಅಡಿಕೆಯ ತಟ್ಟೆ ತಂದಿಟ್ಟರು. ಚಿಕ್ಕಬೋರಯ್ಯ ಪಕ್ಕದ ಮೆತ್ತೆ ತಟ್ಟಿದರು. "ಬಾಪ್ಪ, ಕುಂತ್ಕೊ."

ಚಲುವರಾಜು ಇದಕ್ಕೆಂದೇ ಮಾದಯ್ಯನವರ ಪ್ಲಾಸ್ಟಿಕ್ ಕುರ್ಚಿ ತರಿಸಿಟ್ಟಿದ್ದ. ಕುರ್ಚಿಯ ಜೊತೆಗೆ, ಅದನ್ನು ನೋಡಿಕೊಳ್ಳಲು ಮಾದಯ್ಯನವರೂ ಬಂದಿದ್ದರು. ಅವನು ಕೂತ ತಕ್ಷಣ ಅದರ ಕಾಲು ಆಗತಾನೆ ಹುಟ್ಟಿದ ಕರುವಿನ ಕಾಲಿನಂತೆ ನಾಲ್ಕು ದಿಕ್ಕಿಗೆ ಸರಿದು ಅವನನ್ನು ನೆಲಕ್ಕೆ ಮುಟ್ಟಿಸಿತು.

"ನೋಡ್ದಾ? ಇಲ್ಲೇ ಬಾ," ಎಂದರು ಚಿಕ್ಕಬೋರಯ್ಯ. "ಒಂದೇ ಜಮಖಾನದ ಮ್ಯಾಲೆ ಕುಂತು ಎಲೆಅಡಿಕೆ ಬದ್ಲಾಯ್ಸದು ನಮ್ ಪದ್ದತಿ. ಈಗ ಜಮಖಾನ ಓಗಿ ಸೋಪಾ ಬಂದದೆ, ಪದ್ದತಿ ಓಗಿಲ್ಲ. ನಿಂತ್ಕಂಡು ಆಡಿದ್ ಮಾತು ನಮ್ ಕಡೆ ಲೆಕ್ಕುಕ್ಕಿಲ್ಲ."

"ಹಂಗಾದ್ರೆ ಜಮಖಾನಾನೇ ಹಾಸ್ಬಿಡಣ!" ಎಂದ ಚಲುವರಾಜು.

"ಮಂಡಿ ಆಪರೇಸನ್ ಆಗ್ಯದೆ ಕಣಪ್ಪ. ಕೆಳಕ್ ಕುಂತ್ರೆ ಎತ್ತಕ್ಕೆ ಜೆಸಿಬಿ ಕರುಸ್ಬೇಕು."

"ಅಳಿಯಂದ್ರೇ, ಕುಂತ್ಕಳಿ," ಎಂದು ದೇವಿರಮ್ಮ ಹಲ್ಲು ಕಚ್ಚಿಕೊಂಡು ನಕ್ಕರು. ಅಡಿಗೆಮನೆಯ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದ ನಯನ ಭಾವನನ್ನೇ ನೋಡುತ್ತಿದ್ದಳು. ಚಲುವರಾಜು ಕಂಬದಂತೆ ನಿಂತ.

ಮಾದಯ್ಯನವರಿಗೆ ತಡೆಯಲಾಗಲಿಲ್ಲ. "ಬಲವಂತ ಮಾಡ್ಬೇಡಿ ಸ್ವಾಮಿ. ಅವ್ರಿಗೆ ಮೂಲವ್ಯಾಧಿ. ಮೂರು ವಾರದಿಂದ ಸ್ಟ್ಯಾಂಡಿಂಗು."

ಹುಡುಗನ ತಾಯಿ ಸೆರಗು ಸರಿಮಾಡಿಕೊಂಡರು. "ಅದು ವಂಸದಲ್ಲಿ ಬತ್ತದಾ?"

"ಅವ್ರು ಅಳಿಯ ಕಣಮ್ಮ. ಬಂದ್ರೂ ಬೇರೆ ರೂಟು."

ಚಿಕ್ಕಬೋರಯ್ಯ ಮಾತ್ರ ಕಣ್ಣು ಕಿರಿದುಮಾಡಿದರು. "ನಂಗೂ ಇತ್ತು ಕಣಯ್ಯ, ನಾನ್ ಕಾಣ್ನಾ? ಮೂಲವ್ಯಾಧಿ ಇರೋನು ಇಂತಾ ಮೆತ್ತೆ ಬುಟ್ಟು ಪ್ಲಾಸ್ಟಿಕ್ ಚೇರಿಗೆ ಓಯ್ತಾನಾ?" ಅವರು ಸೋಫಾವನ್ನು ನೋಡಿದರು. ಚಲುವರಾಜುವನ್ನು ನೋಡಿದರು. ಆಮೇಲೆ, ಮಂಡಿ ಆಪರೇಷನ್ ಆದವರಂತೆ ಅಲ್ಲವೇ ಅಲ್ಲ, ಚಂಗನೆ ಎದ್ದರು. "ತಿಗಣೆ! ಎದ್ದೇಳ್ರೋ, ಇದ್ರಲ್ಲಿ ತಿಗಣೆ ಅವೆ!"

ಮೂವರೂ ನಿಂತು ರೇಷ್ಮೆ, ಪಂಚೆ, ಪ್ಯಾಂಟು ಕೊಡವಿಕೊಂಡರು. ಮಾದಯ್ಯನವರು ಸಂಬಂಧವಿಲ್ಲದಿದ್ದರೂ ತಮ್ಮ ಲುಂಗಿ ಕೊಡವಿದರು.

"ತನ್ ಸೋಪಾ ಮ್ಯಾಲೆ ತಾನು ಕೂರಲ್ಲ, ನೆಂಟರ್ನ ಕೂರುಸ್ತಾನೆ. ಇನ್ನ ಎಣ್ಣು ಕೊಡೋದ್ರಲ್ಲಿ ಏನೇನ್ ಮುಚ್ಚಿಟ್ಟವ್ರೋ! ನಡೀಲಾ ಸ್ವರೂಪ."

"ಅಪ್ಪ..." ಎಂದ ಸ್ವರೂಪ್.

"ನಡೀಲಾ ಅಂದ್ರೆ!"

ನಯನ ಕಾಫಿ ತಟ್ಟೆಯನ್ನು ನೆಲದ ಮೇಲೇ ಇಟ್ಟುಬಿಟ್ಟಳು. ಒಂದು ಕಡೆ ಇನ್ನೂರ ಮೂವತ್ತೆಂಟು ಪುಸ್ತಕ, ಇನ್ನೊಂದು ಕಡೆ ನಾದಿನಿಯ ಬಾಳು. ಈ ಸಲ ಚಲುವರಾಜು ಎರಡು ನಿಮಿಷ ತೆಗೆದುಕೊಳ್ಳಲಿಲ್ಲ.

"ಅದ್ರಲ್ಲಿ ತಿಗಣೆ ಇಲ್ಲ, ಪುಸ್ತಕ ಇದೆ!" ಎಂದು ಕೂಗಿಬಿಟ್ಟ. "ನನ್ ಪುಸ್ತಕ ಪೂರ್ತಿ ಅದ್ರಲ್ಲೇ ಇದೆ. ವೀಣಂಗೆ ಸುಳ್ಳು ಹೇಳಿದ್ದೆ. ಸರಸ್ವತಿ ಮೇಲೆ ಹೆಂಗ್ ಕೂರ್ಲಿ ಯಜಮಾನ್ರೇ? ಅದಕ್ಕೇ ನಿಂತಿದೀನಿ."

ಚಿಕ್ಕಬೋರಯ್ಯನವರ ಮುಖ ನಿಧಾನವಾಗಿ ಕರಗಿತು. "ಸರಸ್ವತಿ ಮ್ಯಾಲೆ ಕುಂತ್ಬುಟ್ನಲ್ಲಪ್ಪಾ!" ಎಂದು ಎರಡೂ ಕೈಯಿಂದ ಗಲ್ಲ ಬಡಿದುಕೊಂಡರು. "ಆಗ್ಲಿಂದ ಬಗ್ಗಿ ಬಗ್ಗಿ ಮುಟ್ತಿದ್ದದ್ದು ಇದ್ಕಾ? ನನ್ ಕಾಲಿಗಲ್ವಾ? ಇಂತಾ ಮನೆ ಎಣ್ಣು ಎಲ್ ಸಿಕ್ಕದು! ತಗೀರಿ, ಕೈ ಮುಗೀತೀನಿ."

"ಬೇಡ ಮಾವ," ಎಂದಳು ವೀಣ ಥಟ್ಟನೆ. ಅವಳ ಮುಖ ಬಿಳುಚಿತ್ತು. ಅಷ್ಟರಲ್ಲಿ ಮಾದಯ್ಯ ಹಲಗೆ ಎತ್ತಿಯಾಗಿತ್ತು.

ಒಳಗೆ ಒಂದು ಹಿತ್ತಾಳೆ ಹಂಡೆ, ಎರಡು ದೀಪದ ಕಂಬ, ಇಡ್ಲಿ ಪಾತ್ರೆ, ಹಳೇ ಸೀರೆಯಲ್ಲಿ ಸುತ್ತಿಟ್ಟ ಸ್ಟೀಲು ಸಾಮಾನು. ಪುಸ್ತಕವಿರಲಿ, ಒಂದು ಹಾಳೆಯೂ ಇರಲಿಲ್ಲ.

"ನಯನಂಗೆ ಅಂತ ಅವ್ವ ಕೂಡಿಟ್ಟಿದ್ದು," ಎಂದಳು ವೀಣ ನೆಲ ನೋಡುತ್ತ.

ಹುಡುಗನ ತಾಯಿ ಬೆರಳ ಗೆಣ್ಣಿನಿಂದ ಹಂಡೆಗೆ ಹೊಡೆದು ನೋಡಿದರು. 'ಠಣ್' ಎಂದಿತು. "ಗಟ್ಟಿ ಇತ್ತಾಳೆ," ಎಂದರು.

ಚಿಕ್ಕಬೋರಯ್ಯ ಗಹಗಹಿಸಿ ನಕ್ಕರು. "ಎಣ್ಣಿನ್ ಸಾಮಾನು ಮೊದ್ಲೇ ತೋರ್ಸಬಾರ್ದು ಅಂತ ಪುಸ್ತಕದ್ ಕತೆ ಕಟ್ಟವ್ನೆ! ಏನ್ ನಾಜೂಕಪ್ಪ ನಿಂದು! ಮುಚ್ಚಿ, ಮುಚ್ಚಿ." ಹಲಗೆ ಮುಚ್ಚಿ, ಮೆತ್ತೆ ಹಾಸಿ, ಚಲುವರಾಜುವಿನ ರಟ್ಟೆ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

ಮೂರು ವಾರದ ನಂತರ ಚಲುವರಾಜು ತನ್ನ ಸೋಫಾದ ಮೇಲೆ ಕೂತ. ಮೆತ್ತೆ ನಿಜಕ್ಕೂ ಚೆನ್ನಾಗಿತ್ತು. ಅವನ ಕಣ್ಣು ತುಂಬಿ ಬಂದದ್ದನ್ನು ಎಲ್ಲರೂ ಸಂತೋಷಕ್ಕೆ ಎಂದುಕೊಂಡರು. ತಟ್ಟೆ ಕೈ ಬದಲಾಯಿಸಿತು. "ರೈಟ್, ರೈಟ್!" ಎಂದರು ಮಾದಯ್ಯ.

ನೆಂಟರು ಹೋದ ಮೇಲೆ ಅವನು ಅಡಿಗೆಮನೆಗೆ ಬಂದು ನಿಂತ. "ಗುಜರಿಗೆ ಹಾಕ್ಬಿಟ್ಯಾ?"

"ಥೂ, ಬಿಡ್ತು ಅನ್ನಿ," ಎಂದಳು ವೀಣ ಲೋಟ ತೊಳೆಯುತ್ತ. "ಸೋಫಾ ಬಂದ ಮೂರ್ನೇ ದಿನ ಗುಡಿಸ್ವಾಗ ನುಸಿಗುಳಿಗೆ ವಾಸ್ನೆ ಬಂತು. ತೆಗ್ದು ನೋಡ್ದೆ. ಬಂದೋರ್ ಹೋದೋರೆಲ್ಲ ಪುಸ್ತಕದ ಮೇಲೆ ಕೂರೋದು ನಂಗೂ ಸರಿ ಕಾಣ್ಲಿಲ್ಲ. ನೀವು ಆಫೀಸಿಗೆ ಹೋದಾಗ ಇಸಾಕಣ್ಣನ್ನೇ ಕರೆದು ಬೇರೆ ಕಡೆ ಇಡಿಸ್ದೆ, ಖಾಲಿ ಜಾಗಕ್ಕೆ ಪಾತ್ರೆ ತುಂಬಿಸ್ದೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀವು ಲೈಬ್ರರಿಗೆ ಕೊಟ್ಟಿದ್ರಲ್ಲ. ಮನೇಲಿ ಇಲ್ದೇ ಇರೋ ಪುಸ್ತಕದ ವಿಷ್ಯ ಏನಂತ ಹೇಳ್ಲಿ?"

ಚಲುವರಾಜು ಇದನ್ನು ನುಂಗಿಕೊಂಡ. ಪುಸ್ತಕ ಉಳಿದಿದೆ, ಮದುವೆ ಕುದುರಿದೆ, ಸೋಫಾ ಸಿಕ್ಕಿದೆ. ಒಬ್ಬ ಗುಮಾಸ್ತನಿಗೆ ಒಂದೇ ದಿನದಲ್ಲಿ ಇದಕ್ಕಿಂತ ಹೆಚ್ಚು ಮಂಜೂರಾಗುವುದಿಲ್ಲ. "ಎಲ್ಲಿ ಇಡಿಸ್ದೆ?"

"ನಮ್ ಮಂಚದ ಬಾಕ್ಸಲ್ಲಿ," ಎಂದಳು ವೀಣ. "ಹೆದ್ರಬೇಡಿ, ನಿಮ್ ಮಗ್ಗುಲಿಗೆ ಮಾತ್ರ. ನನ್ ಕಡೆ ಹೊದಿಕೆ ಇಟ್ಕೊಂಡೆ. ನಂಗ್ಯಾಕೆ ಪಾಪ?"

ಹಾಗಾದರೆ ಹತ್ತೊಂಬತ್ತು ರಾತ್ರಿ. ಬೆನ್ನು, ಸೊಂಟ, ಎರಡು ಹಿಮ್ಮಡಿ. ಚಲುವರಾಜು ಕೋಣೆಗೆ ಹೋಗಿ ಮಂಚ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಷ್ಟು ಸಲ ಒತ್ತಿಕೊಂಡರೆ ತೀರೀತು ಎಂದು ಅಂದಾಜು ಸಿಗದೆ ನಿಲ್ಲಿಸಿದ. "ಸೋಫಾಕ್ಕೇ ವಾಪಸ್ ಹಾಕಣ," ಎಂದು ಕೂಗಿದ.

"ನಯನನ್ ಮದ್ವೆ ಆಗೋವರ್ಗೂ ಪಾತ್ರೆ ತೆಗೆಯಂಗಿಲ್ಲ," ಎಂದು ಉತ್ತರ ಬಂತು. "ಮದ್ವೆ ಮಾಘದಲ್ಲಂತೆ."

ಆಗಿನ್ನೂ ಶ್ರಾವಣ.

ಸಂಜೆ ಚಲುವರಾಜು ಅಟ್ಟದಿಂದ ಹಳೆಯ ಚಾಪೆ ಇಳಿಸಿ, ಬಾಗಿಲ ಮುಂದೆ ನಿಂತು ಧೂಳು ಕೊಡವಿದ. ಎದುರು ಮನೆಯ ಕಿಟಕಿ ತೆರೆಯಿತು.

"ಏನಪ್ಪಾ ಚಲುವರಾಜು, ಕೂರಂಗಾಯ್ತಲ್ಲ ಅಂತ ಖುಸಿ ಪಟ್ಟಿದ್ದೆ. ಚಾಪೆ ಯಾಕೆ? ಈಗ ಮಂಚದ ಮೇಲೆ ಮಲಗಕ್ಕೂ ಆಯ್ತಿಲ್ವಾ?"

"ಇಲ್ಲ," ಎಂದ ಚಲುವರಾಜು. ಅದು ನಿಜವೂ ಆಗಿತ್ತು.

ಮಾದಯ್ಯ ಬೀದಿಯ ಕಡೆ ತಿರುಗಿ ಕೊನೇ ಸ್ಟಾಪಿಗೆ ಕೇಳುವಂತೆ ಕೂಗಿದರು. "ಬೆನ್ನಿಗೂ ಏರ್ಬುಟ್ಟದೆ ಕಣ್ರಪ್ಪೋ!"

ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಎರಡು ಸುವರ್ಣಗೆಡ್ಡೆ ಬಂದಿದ್ದವು.